ಸಂಕ ಹಾಕುವ ದಿನವೇ ಆಲದ ಗಿಡವನ್ನೂ ನೆಡಿ: ಮಲೆನಾಡಿನ ಪಂಚಾಯಿತಿಗಳಿಗೆ ಒಂದು ಬಹಿರಂಗ ಪತ್ರ

ಮಲೆನಾಡು ಮತ್ತು ಕರಾವಳಿಯ ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ, ಸದಸ್ಯರಿಗೆ, ಪಿಡಿಒಗಳಿಗೆ, ಜೊತೆಗೆ ಅರಣ್ಯ ಇಲಾಖೆಯ ಅಧಿಕಾರಿಗಳಿಗೆ ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿಮ್ಮ ವ್ಯಾಪ್ತಿಯಲ್ಲಿ ಪ್ರತಿ ಮಳೆಗಾಲಕ್ಕೂ ಮುಂಚೆ ಜನ ಸೇರಿ ಸಂಕ (ಹಳ್ಳ ದಾಟಲು ಮರದಿಂದ ಮಾಡುವ ಕಾಲುಸೇತುವೆ) ಹಾಕುವ ಹಳ್ಳಗಳು ಯಾವುವು ಅಂತ ನಿಮಗೆ ಚೆನ್ನಾಗಿ ಗೊತ್ತು. ಆ ಹಳ್ಳಗಳ ದಡದಲ್ಲಿ ಆಲದ ಗಿಡ ಅಥವಾ ಆಲದ ಬಳಗದ್ದೇ ಆದ ಗೋಳಿ ಗಿಡ ನೆಡಿಸಿ. ಅದು ಬಿಳಲು ಬಿಡಲು ಶುರು ಮಾಡಿದಾಗ ಆ ಬಿಳಲನ್ನು ಸಂಕದ ಮೇಲೆಯೇ ಆಚೆ ದಡಕ್ಕೆ ಹಾಯಿಸಿ. 20-25 ವರ್ಷ ಬಿಡದೆ ನೋಡಿಕೊಂಡರೆ ಬಿಳಲೇ ಸೇತುವೆ ಆಗುತ್ತದೆ. ಜೀವ ಇರುವ ಸೇತುವೆ, ವರ್ಷ ಕಳೆದಂತೆ ಗಟ್ಟಿಯಾಗುವ ಸೇತುವೆ. ಮೇಘಾಲಯದ ಖಾಸಿ ಮತ್ತು ಜೈಂತಿಯಾ ಬೆಟ್ಟಗಳಲ್ಲಿ ಜನ ತಲೆತಲಾಂತರದಿಂದ ಮಾಡುತ್ತಿರುವುದು ಇದನ್ನೇ. ಅದನ್ನು ಇಲ್ಲಿಯೂ ಶುರು ಮಾಡಿ ಅಂತ ಕೇಳಲು ಈ ಪತ್ರ.

ಮುಂದೆ ಹೋಗುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈಗ ಸೇತುವೆ ಬೇಕಾದ ಕಡೆ ಈಗಲೇ ಸೇತುವೆ ಕಟ್ಟಿ. 2022ರ ಮಳೆಗಾಲದಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ನೀರಿಗೆ ಬಿದ್ದು ತೀರಿಕೊಂಡಳು. ಅಂಥ ಜಾಗಕ್ಕೆ ಹೋಗಿ ಗಿಡ ನೆಟ್ಟು, 20 ವರ್ಷ ಕಾಯಿರಿ ಅಂತ ಯಾರೂ ಯಾರಿಗೂ ಹೇಳಬಾರದು. ನಾನು ಕೇಳುತ್ತಿರುವುದನ್ನು ನೆಪ ಮಾಡಿಕೊಂಡು ಒಂದೇ ಒಂದು ಸಿಮೆಂಟ್ ಸೇತುವೆಯ ಫೈಲನ್ನೂ ಹಿಂದಕ್ಕೆ ಇಡಬೇಡಿ. ಎರಡೂ ಜೊತೆಗೆ ನಡೆಯಲಿ.

ಮೇಘಾಲಯದಲ್ಲಿ ಅವರು ಬಳಸುವ ಮರ ನಮ್ಮ ಆಲದ ಬಳಗದ್ದೇ. ಹೆಸರು ಫೈಕಸ್ ಇಲಾಸ್ಟಿಕಾ. ನಮ್ಮ ಊರುಗಳಲ್ಲಿ ಕುಂಡದಲ್ಲಿ ಇಡುವ, ದಪ್ಪ ಹೊಳೆಯುವ ಎಲೆಯ ರಬ್ಬರ್ ಗಿಡ ಇದೆಯಲ್ಲ, ಅದೇ. ಹಾಲು ಇಳಿಸುವ ರಬ್ಬರ್ ತೋಟದ ಮರ ಬೇರೆ. ಕುಂಡದಲ್ಲಿ ಸುಮ್ನೆ ನಿಂತಿರುವ ಆ ಗಿಡ ಖಾಸಿ ಬೆಟ್ಟದ ಕಣಿವೆಯಲ್ಲಿ ದೊಡ್ಡ ಮರವಾಗುತ್ತದೆ, ಬಂಡೆ ಅಪ್ಪಿಕೊಂಡು ನಿಲ್ಲುತ್ತದೆ, ಕಾಂಡದ ನಡುವಿನಿಂದ ಬಿಳಲು ಬಿಡುತ್ತದೆ. ಅಲ್ಲಿನ ಜನ ಎಳೆ ಬಿಳಲನ್ನು ಹಿಡಿದು, ಬಿದಿರಿನ ಚೌಕಟ್ಟಿನ ಮೇಲೆ ಮಲಗಿಸಿ ಆಚೆ ದಡದವರೆಗೆ ಕರೆದುಕೊಂಡು ಹೋಗುತ್ತಾರೆ. ಆಚೆ ಮಣ್ಣಿನಲ್ಲಿ ಊರುತ್ತಾರೆ. ಆಮೇಲೆ ಇನ್ನೊಂದು, ಮತ್ತೊಂದು. ಇವು ಒಂದರ ಮೇಲೊಂದು ಹಾದು, ಒತ್ತಿಕೊಂಡ ಕಡೆ ತೊಗಟೆ ಕೂಡಿ, ಒಂದೇ ಮರವಾಗಿ ಬೆಸೆದುಕೊಳ್ಳುತ್ತವೆ. ನಡೆಯುವ ಜಾಗದಲ್ಲಿ ಬಿಳಲಿನ ಸಂದಿಗೆ ಚಪ್ಪಟೆ ಕಲ್ಲು, ಮಣ್ಣು ತುಂಬುತ್ತಾರೆ. ಬದಿಯಲ್ಲಿ ಕೈ ಹಿಡಿಯಲು ಬೇರೆ ಬಿಳಲು. ಖಾಸಿ ಮಾತಿನಲ್ಲಿ ಇದಕ್ಕೆ ಜಿಂಗ್‌ಕಿಯೆಂಗ್ ಜ್ರಿ ಅನ್ನುತ್ತಾರೆ.

ಹತ್ತಿರದಿಂದ ನೋಡಿದರೆ ಅಲ್ಲಿ ಎಲ್ಲ ವಯಸ್ಸಿನ ಬೇರೂ ಒಟ್ಟಿಗೆ ಕಾಣುತ್ತದೆ. ಕೆಳಗೆ ಭಾರ ಹೊತ್ತಿರುವುದು ತೊಡೆಯಷ್ಟು ದಪ್ಪ, ಬೂದು ಬಣ್ಣ, ಜನ ತುಳಿದು ತುಳಿದು ನುಣುಪಾಗಿದೆ. ಅದರ ಪಕ್ಕದಲ್ಲೇ ಕೈ ಬೆರಳಿನಷ್ಟು ಸಣ್ಣ ಬೇರನ್ನು ಯಾರೋ ಮೊನ್ನೆಯಷ್ಟೇ ಹಳೆ ಬೇರಿಗೆ ಸುತ್ತಿ, ಬಿದಿರಿನ ಸೀಳಿನಿಂದ ಕಟ್ಟಿದ್ದಾರೆ. ಅಂದರೆ ಅಜ್ಜ ಹಾಯಿಸಿದ ಬೇರಿನ ಮೇಲೆ ಮೊಮ್ಮಗಳು ನಡೆಯುತ್ತಾಳೆ, ನಡೆಯುತ್ತಲೇ ಇನ್ನೊಂದನ್ನು ಸುತ್ತಿ ಹೋಗುತ್ತಾಳೆ. ಕೆಲಸ ಮುಗಿಯಿತು ಅಂತ ಬೋರ್ಡು ಹಾಕುವ ದಿನ ಅಲ್ಲಿ ಬರುವುದೇ ಇಲ್ಲ.

ನೊಂಗ್ರಿಯಾತ್ ಹಳ್ಳಿಯ ಎರಡು ಅಂತಸ್ತಿನ ಸೇತುವೆಯ ಫೋಟೊವನ್ನು ನಿಮ್ಮಲ್ಲಿ ಹೆಚ್ಚಿನವರು ನೋಡಿರುತ್ತೀರಿ. ಜೋರು ನೀರು ಬಂದಾಗ ಕೆಳಗಿನದು ಮುಳುಗುತ್ತಿತ್ತು ಅಂತ ಅದೇ ಮರದಿಂದ ಮೇಲೊಂದು ಬೆಳೆಸಿದರು ಎಂದು ಅಲ್ಲಿನವರು ಹೇಳುತ್ತಾರೆ. ಆದರೆ ಆ ಒಂದು ಸೇತುವೆ ನೋಡಿ ಇದು ಪ್ರವಾಸಿಗರ ಆಟ ಅಂದುಕೊಳ್ಳಬೇಡಿ. ಜರ್ಮನಿಯ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಫರ್ಡಿನಾಂಡ್ ಲುಡ್ವಿಗ್ ಮತ್ತು ಅವರ ಜೊತೆಯವರು 74 ಬೇರು ಸೇತುವೆಗಳನ್ನು ಅಭ್ಯಾಸ ಮಾಡಿ 2019ರಲ್ಲಿ ವರದಿ ಪ್ರಕಟಿಸಿದರು. ಬಹುಪಾಲು ಸೇತುವೆಗಳು ಊರಿಂದ ತೋಟಕ್ಕೆ, ತೋಟದಿಂದ ಸಂತೆಗೆ ಹೋಗುವ ದಾರಿಯಲ್ಲಿವೆ. 1844ರಷ್ಟು ಹಿಂದೆಯೇ ಹೆನ್ರಿ ಯೂಲ್ ಅನ್ನುವ ಬ್ರಿಟಿಷ್ ಅಧಿಕಾರಿ ಇವುಗಳ ಬಗ್ಗೆ ಬರೆದಿಟ್ಟಿದ್ದಾನೆ. 2022ರಲ್ಲಿ ಇವು ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು. ಕೆಲವು ಸೇತುವೆ 30 ಮೀಟರಿಗೂ ಉದ್ದ ಇವೆ. ನಮ್ಮ ಎಷ್ಟೋ ಹಳ್ಳಗಳ ಅಗಲ ಇದರ ಅರ್ಧವೂ ಇಲ್ಲ, ಅಲ್ವಾ?

ಈಗ ನಮಗೆ ಜಾಸ್ತಿ ಹತ್ತಿರದ ವಿಷಯಕ್ಕೆ ಬರುತ್ತೇನೆ. ಆ ಸೇತುವೆಗಳ ಮೇಲೆ ಹಾದು ಹೋಗುವುದು ಏನು ಗೊತ್ತಾ? ಅಡಿಕೆ ಮತ್ತು ವೀಳ್ಯದೆಲೆ. ಬೆಟ್ಟದ ದಕ್ಷಿಣದ ಇಳಿಜಾರಿನಲ್ಲಿರುವ ವಾರ್ ಖಾಸಿಗಳು ನಮ್ಮ ಹಾಗೇ ಅಡಿಕೆ ಬೆಳೆಗಾರರು. ನಮ್ಮ ಹಾಗೇ ತಗ್ಗಿನಲ್ಲಿ ತೋಟ, ನಡುವೆ ಹಳ್ಳ, ಮಳೆಗಾಲದಲ್ಲಿ ಹಳ್ಳ ದಾಟುವ ತೊಂದರೆ. ಹಳೆ ಅಡಿಕೆ ಮರ ಬಿದ್ದರೆ ನಾವು ಅದನ್ನು ಸೀಳಿ ದಬ್ಬೆ ಮಾಡಿ ಸಂಕಕ್ಕೆ ಹಾಕುತ್ತೇವೆ. ಅವರೂ ಸೀಳುತ್ತಾರೆ. ಒಳಗಿನ ತಿರುಳು ತೆಗೆದು ದೋಣಿಯ ಹಾಗೆ ಮಾಡಿ, ಅದರೊಳಗೆ ಎಳೆ ಬಿಳಲನ್ನು ಮಲಗಿಸಿ ಹಳ್ಳ ದಾಟಿಸುತ್ತಾರೆ. ದಬ್ಬೆ ಒಳಗೆ ತೇವ ಉಳಿಯುತ್ತದೆ, ಬೇರು ಅಡ್ಡದಾರಿ ಹಿಡಿಯದೆ ನೇರ ಹೋಗುತ್ತದೆ. ನಾಲ್ಕಾರು ಮಳೆಗಾಲದಲ್ಲಿ ದಬ್ಬೆ ಕೊಳೆತು ಬೀಳುವ ಹೊತ್ತಿಗೆ ಬೇರು ಆಚೆ ದಡ ಸೇರಿರುತ್ತದೆ.

ನಮ್ಮ ದಬ್ಬೆಯೂ ಕೊಳೆಯುತ್ತದೆ. ಆದರೆ ನಮ್ಮದು ಕೊಳೆತಾಗ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮುಂದಿನ ವರ್ಷ ಮತ್ತೆ ಮರ ಹುಡುಕಬೇಕು, ಮತ್ತೆ ಸೀಳಬೇಕು, ಮತ್ತೆ ಕಟ್ಟಬೇಕು. ಅದೇ ಮರ, ಅದೇ ಮಳೆ, ಅದೇ ಹಳ್ಳ, ಅದೇ ಬೆಳೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಶೃಂಗೇರಿ, ಸಿದ್ದಾಪುರ, ಸುಳ್ಯ ಕಡೆಯವರು ಅಲ್ಲಿಗೆ ಹೋಗಿ ನಿಂತರೆ ನಮ್ಮೂರಲ್ಲೇ ನಿಂತ ಹಾಗೆ ಅನಿಸುತ್ತದೆ. ಒಂದೇ ವ್ಯತ್ಯಾಸ, ಅವರು ದಬ್ಬೆಯ ಜೊತೆ ಒಂದು ಬೇರನ್ನೂ ಇಟ್ಟರು.

ಮರ ಎಲ್ಲಿಂದ ತರುವುದು ಅನ್ನುವ ಪ್ರಶ್ನೆಯೇ ಬೇಡ. ಮೇಘಾಲಯದಿಂದ ಗಿಡ ತರಿಸಬೇಡಿ. ನಮ್ಮ ಕಾಡಿಗೆ ನಮ್ಮ ಮರವೇ ಇರಲಿ. ಆಲದ ಬಿಳಲು ಏನು ಮಾಡಬಲ್ಲದು ಅಂತ ನೋಡಲು ಬೆಂಗಳೂರು ಪಕ್ಕದ ಕೇತೋಹಳ್ಳಿಯ ದೊಡ್ಡ ಆಲದ ಮರಕ್ಕೆ ಹೋಗಿ. ಸುಮಾರು 400 ವರ್ಷದ್ದು ಅನ್ನುತ್ತಾರೆ, 3 ಎಕರೆ ಹರಡಿದೆ. ಅದರ ಮೂಲ ಕಾಂಡ ರೋಗ ಬಂದು ಸತ್ತೇ ಹೋಗಿದೆ. ಇವತ್ತು ಅಲ್ಲಿ ನಿಂತಿರುವುದೆಲ್ಲ ಬಿಳಲುಗಳೇ. ಕೋಲ್ಕತ್ತ ಪಕ್ಕದ ಶಿಬಪುರ ಸಸ್ಯೋದ್ಯಾನದ ಆಲವೂ ಹಾಗೇ. ಶಿಲೀಂಧ್ರ ಹಿಡಿದ ಮೂಲ ಕಾಂಡವನ್ನು 1925ರಲ್ಲಿ ಕಡಿದು ತೆಗೆದರು, ಮರ ಬಿಳಲಿನ ಮೇಲೆ ಇನ್ನೂ ಹರಡುತ್ತಿದೆ. ನಮ್ಮ ಗಡಿಯಾಚೆ ಕದಿರಿ ಹತ್ತಿರದ ತಿಮ್ಮಮ್ಮ ಮರ್ರಿಮಾನು ಅನ್ನುವ ಆಲದ ಮರದಲ್ಲಿ ನೋಡಿಕೊಳ್ಳುವವರು ಎಳೆ ಬಿಳಲನ್ನು ಮಣ್ಣು ಗೊಬ್ಬರ ತುಂಬಿದ ಬಿದಿರಿನೊಳಗೆ ಇಳಿಸಿ ನೆಲ ಮುಟ್ಟಿಸುತ್ತಾರೆ. ಕೊಂಬೆಗೆ ಆಸರೆ ಬೇಕಾದ ಕಡೆ ಕಂಬ ಬೆಳೆಸುವ ಕೆಲಸ ಅದು. ಖಾಸಿಗಳು ಅಡ್ಡಕ್ಕೆ ಮಾಡುವುದನ್ನು ಇವರು ಉದ್ದಕ್ಕೆ ಮಾಡುತ್ತಿದ್ದಾರೆ, ಅಷ್ಟೇ.

ನಿಮ್ಮೂರಿನ ಯಾವುದೇ ಆಲದ ಕಟ್ಟೆಗೆ ಹೋಗಿ ಒಂದು ಎಳೆ ಬಿಳಲನ್ನು ಕೈಯಲ್ಲಿ ಹಿಡಿದು ನೋಡಿ. ತುದಿ ಬೆಳ್ಳಗೆ, ಸ್ವಲ್ಪ ಹಳದಿ, ಮೆತ್ತಗೆ. ಉಗುರು ತಾಗಿದರೆ ಹಾಲು ಬರುತ್ತದೆ. ಹೇಗೆ ಬಾಗಿಸಿದರೂ ಬಾಗುತ್ತದೆ. ನೆಲ ಮುಟ್ಟುವವರೆಗೆ ಅದು ಹಗ್ಗದ ದಪ್ಪದಲ್ಲೇ ಇರುತ್ತದೆ. ಮಣ್ಣಿನಲ್ಲಿ ಬೇರು ಬಿಟ್ಟ ಮೇಲೆ ನೀರು, ಸಾರ ಎರಡೂ ಸಿಕ್ಕಿ ದಪ್ಪವಾಗಲು ಶುರುವಾಗುತ್ತದೆ, ಜೊತೆಗೆ ಬಿಗಿಯಾಗಿ ಎಳೆದುಕೊಳ್ಳುತ್ತದೆ. ಜೋತಾಡುತ್ತಿದ್ದದ್ದು ತಂತಿಯ ಹಾಗೆ ನೆಟ್ಟಗಾಗುತ್ತದೆ. ಎರಡು ಬಿಳಲು ತಾಗಿ ನಿಂತ ಕಡೆ ಕೆಲವು ವರ್ಷದ ಮೇಲೆ ನೋಡಿದರೆ ನಡುವೆ ಗೆರೆ ಕೂಡ ಕಾಣುವುದಿಲ್ಲ. ಸೇತುವೆಗೆ ಬೇಕಾದ ಮೂರು ಗುಣವೂ ಇದರಲ್ಲೇ ಇದೆ: ಎಳೆಯದರಲ್ಲಿ ಬಾಗುತ್ತದೆ, ನೆಲ ಸಿಕ್ಕರೆ ಬಿಗಿಯುತ್ತದೆ, ತಾಗಿದರೆ ಕೂಡುತ್ತದೆ.

ಕೆಲಸ ಹೇಗೆ ಮಾಡುವುದು? ಇದಕ್ಕೆ ಹೊಸ ಸಮಿತಿ, ಹೊಸ ಯೋಜನೆ, ಹೊಸ ಕಚೇರಿ ಯಾವುದೂ ಬೇಕಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ. ಮೇ ಕೊನೆಗೆ ಊರವರು ಸಂಕ ಹಾಕಲು ಹೇಗೂ ಸೇರುತ್ತಾರೆ. ಮನೆಗೊಬ್ಬರು ಬರುತ್ತಾರೆ, ಕತ್ತಿ ಹಗ್ಗ ತರುತ್ತಾರೆ, ಮಧ್ಯಾಹ್ನದ ಊಟ ಯಾರದೋ ಮನೆಯಲ್ಲಿ ಆಗುತ್ತದೆ. ಅದೇ ದಿನ, ಅದೇ ಜನ, ಇನ್ನೊಂದು ಗಂಟೆ. ಮೊದಲ ವರ್ಷ ಗಿಡ ನೆಡುವುದು, ದನ ಮೇಯದ ಹಾಗೆ ಬೇಲಿ ಕಟ್ಟುವುದು. ಆಮೇಲಿನ ವರ್ಷಗಳಲ್ಲಿ ಬೇಲಿ ನೋಡುವುದು, ಸತ್ತ ಗಿಡದ ಜಾಗಕ್ಕೆ ಬೇರೆ ನೆಡುವುದು. ಬಿಳಲು ಬಂದ ಮೇಲೆ ಅದನ್ನು ಆ ವರ್ಷದ ಹೊಸ ಸಂಕದ ಪಕ್ಕದಲ್ಲಿ ದಬ್ಬೆಯೊಳಗೆ ಹಾಯಿಸುವುದು. ಸಂಕವೇ ಬೇರಿಗೆ ಚೌಕಟ್ಟು. ಪ್ರತಿ ವರ್ಷ ಹೊಸ ಸಂಕ ಹಾಕುವುದರಿಂದ ಚೌಕಟ್ಟೂ ಪ್ರತಿ ವರ್ಷ ಹೊಸದಾಗುತ್ತದೆ. ನಾವು ಇಷ್ಟು ವರ್ಷ ಕಷ್ಟ ಅಂದುಕೊಂಡಿದ್ದ ಕೆಲಸವೇ ಇಲ್ಲಿ ಅನುಕೂಲಕ್ಕೆ ಬರುತ್ತದೆ.

ಎಷ್ಟೋ ಕಡೆ ಇನ್ನೂ ಬೇಗ ಆಗಬಹುದು. ಹಳ್ಳದ ದಡದಲ್ಲಿ ಈಗಾಗಲೇ ದೊಡ್ಡ ಆಲವೋ ಗೋಳಿಯೋ ಇದ್ದರೆ ಅರ್ಧ ದಾರಿ ಮುಗಿದ ಹಾಗೆ. ಇರುವ ಬಿಳಲನ್ನು ಈ ಮಳೆಗಾಲದಲ್ಲೇ ಹಾಯಿಸಲು ಶುರು ಮಾಡಬಹುದು. ಹಾಗಾಗಿ ಮೊದಲು ಹುಡುಕಬೇಕಾದದ್ದು ಇಂಥ ಜಾಗಗಳನ್ನು. ಹೊಸದಾಗಿ ನೆಡುವ ಕಡೆಯೂ ಸಣ್ಣ ಗಿಡಕ್ಕೆ ಕಾಯಬೇಕಿಲ್ಲ, ಆಲದ ದಪ್ಪ ಕೊಂಬೆ ಕಡಿದು ನೆಟ್ಟರೂ ಬೇರು ಬಿಡುತ್ತದೆ. ಹಾಲುವಾಣದ ಗೂಟ ನೆಟ್ಟು ಅದು ಚಿಗುರಿ ಮರವಾದ ಮೇಲೆ ಕಾಳುಮೆಣಸು ಹಬ್ಬಿಸುವ ನಮ್ಮ ಕಾಫಿ ಬೆಳೆಗಾರರಿಗೆ, ಗ್ಲಿರಿಸಿಡಿಯಾ ಗೂಟದಿಂದ ಬೇಲಿ ಬೆಳೆಸುವ ತೋಟದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ನಮ್ಮಲ್ಲಿ ಒಂದು ತೊಂದರೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಚಿರಾಪುಂಜಿಯಲ್ಲಿ ವರ್ಷಕ್ಕೆ ಸರಾಸರಿ 11,000 ಮಿಲಿಮೀಟರ್ ಆಸುಪಾಸು ಮಳೆ. ಆಗುಂಬೆಯಲ್ಲಿ 7,000 ದಾಟುತ್ತದೆ, ಅದೇನು ಕಡಿಮೆ ಅಲ್ಲ. ಆದರೆ ಜನವರಿಯಿಂದ ಮೇವರೆಗೆ ನಮ್ಮ ಒಣ ಬಿಸಿಲು ಎಳೆ ಬಿಳಲಿಗೆ ಕಷ್ಟ. ತುದಿ ಒಣಗಿದರೆ ಆ ವರ್ಷದ ಬೆಳವಣಿಗೆ ಹೋಯಿತು. ಅದಕ್ಕೇ ದಬ್ಬೆಯೊಳಗೆ ಬರೀ ಬೇರು ಇಡಬಾರದು, ಹಾವಸೆ, ಕೊಳೆತ ಸೊಪ್ಪು, ಮಣ್ಣು ಸೇರಿಸಿ ಮುಚ್ಚಬೇಕು. ಪಕ್ಕದ ತೋಟಕ್ಕೆ ಸ್ಪ್ರಿಂಕ್ಲರ್ ಬಿಡುವಾಗ ಇದಕ್ಕೂ ಒಂದು ಜೆಟ್ ತಿರುಗಿಸಬೇಕು. ಬೇಸಿಗೆಯ ಈ ನಾಲ್ಕೈದು ತಿಂಗಳು ಯಾರು ನೋಡುತ್ತಾರೆ ಅನ್ನುವುದೇ ನಿಜವಾದ ಪ್ರಶ್ನೆ. ಹಾಗಾಗಿ ಮೊದಲ ಜಾಗಗಳನ್ನು ಆರಿಸುವಾಗ ತೋಟದ ಅಂಚಿನಲ್ಲಿರುವ ಸಂಕಗಳನ್ನೇ ಆರಿಸಿ. ಅಲ್ಲಿ ದಿನಾ ಓಡಾಡುವ ಮನುಷ್ಯ ಇರುತ್ತಾನೆ, ನೀರೂ ಇರುತ್ತದೆ.

ಎಲ್ಲ ಕಡೆಯೂ ಇದು ಆಗುವುದಿಲ್ಲ. ದೊಡ್ಡ ಹೊಳೆಗೆ ಆಗುವುದಿಲ್ಲ. ಬೈಕು, ಜೀಪು, ಆಂಬುಲೆನ್ಸ್ ಹೋಗಬೇಕಾದ ಕಡೆ ಇದು ಉತ್ತರವೇ ಅಲ್ಲ. ಮಣ್ಣು ಕುಸಿಯುವ ದಡದ ತೀರಾ ಅಂಚಿನಲ್ಲಿ ನೆಟ್ಟರೆ ಮರ ದೊಡ್ಡದಾಗುವ ಮೊದಲೇ ಹಳ್ಳ ಕೊಚ್ಚಿಕೊಂಡು ಹೋಗುತ್ತದೆ, ಸ್ವಲ್ಪ ಹಿಂದೆ ಸರಿದು, ಬಂಡೆ ಇರುವ ಕಡೆ ನೆಡಬೇಕು. ಸೇತುವೆಯ ಎತ್ತರ ಇಂಜಿನಿಯರ್ ಲೆಕ್ಕಕ್ಕಿಂತ ಮೊದಲು ಊರಿನ ಹಿರಿಯರನ್ನು ಕೇಳಿ ನಿಗದಿ ಮಾಡಿ. ಯಾವ ವರ್ಷ ನೀರು ಯಾವ ಕಲ್ಲಿನ ತನಕ ಬಂದಿತ್ತು ಅಂತ ಅವರಿಗೆ ನೆನಪಿರುತ್ತದೆ. ಮನೆ ಗೋಡೆ, ಬಾವಿ ಹತ್ತಿರ ಆಲ ಬೇಡ, ಅದರ ಬೇರಿನ ಶಕ್ತಿ ಎಲ್ಲರಿಗೂ ಗೊತ್ತಿದೆ. ಆದರೆ ಅದೇ ಶಕ್ತಿ ಹಳ್ಳದ ದಡದ ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಸಿಮೆಂಟಿನ ಕಂಬದ ಬುಡದ ಮಣ್ಣನ್ನು ಹೊಳೆ ವರ್ಷ ವರ್ಷವೂ ಕೊರೆಯುತ್ತದೆ. ಇಲ್ಲಿ ಬೇರು ಆ ಮಣ್ಣಿನೊಳಗೇ ವರ್ಷ ವರ್ಷವೂ ಹರಡುತ್ತದೆ.

20 ವರ್ಷ ಯಾರು ಕಾಯುತ್ತಾರೆ ಅಂತ ಕೇಳುವವರಿಗೆ ಏನು ಹೇಳುವುದು? ಅಡಿಕೆ ಸಸಿ ನೆಟ್ಟವರು ಫಸಲಿಗೆ ಆರೇಳು ವರ್ಷ ಕಾಯುವುದಿಲ್ಲವೇ, ಮಾವು ಹಲಸು ನೆಟ್ಟವರು ಮೊಮ್ಮಕ್ಕಳ ಹೆಸರು ಹೇಳುವುದಿಲ್ಲವೇ. ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ನೆಟ್ಟಿದ್ದೂ ಆಲವನ್ನೇ, ದೂರದಿಂದ ಕೊಡದಲ್ಲಿ ನೀರು ಹೊತ್ತು ಹಾಕಿ ಬೆಳೆಸಿದರು. ನಮ್ಮ ಜನಕ್ಕೆ ಕಾಯುವುದು ಗೊತ್ತು. ತೊಡಕು ಇರುವುದು ಕಡತದಲ್ಲಿ. ಪಂಚಾಯಿತಿಯ ಅವಧಿ 5 ವರ್ಷ, ಈ ಸೇತುವೆಗೆ ಅಂಥ ನಾಲ್ಕೈದು ಅವಧಿ ಬೇಕು. ಪಿಡಿಒ ವರ್ಗವಾಗುತ್ತಾರೆ, ಸದಸ್ಯರು ಬದಲಾಗುತ್ತಾರೆ. ಯಾರದೋ ಉತ್ಸಾಹದಲ್ಲಿ ನೆಟ್ಟ ಗಿಡ ಅವರು ಹೋದ ಮೇಲೆ ಯಾರದ್ದೂ ಅಲ್ಲ ಅನ್ನುವ ಹಾಗಾಗುತ್ತದೆ. ಅದಕ್ಕೇ ಈ ಮರಗಳನ್ನು ಪಂಚಾಯಿತಿಯ ಆಸ್ತಿ ವಹಿಯಲ್ಲಿ ಬರೆಯಿರಿ. ಕೆರೆ, ಬಾವಿ, ರಸ್ತೆ ಬರೆದ ಹಾಗೆ. ಬೆಳೆಯುತ್ತಿರುವ ಸೇತುವೆ ಅಂತಲೇ ಬರೆಯಿರಿ. ನೋಡಿಕೊಳ್ಳುವ ಮನೆಯ ಹೆಸರು, ವರ್ಷಕ್ಕೊಂದು ಫೋಟೊ ಇರಲಿ. ಬೇಸಿಗೆಯಲ್ಲಿ ನೀರು ಹಾಕಿ ಬಿಳಲು ನೋಡಿಕೊಂಡವರಿಗೆ ಉದ್ಯೋಗ ಖಾತರಿಯಲ್ಲಿ ಕೂಲಿ ಕೊಡಲು ದಾರಿ ಮಾಡಿ. ಗಿಡ ನೆಟ್ಟ ದಿನಕ್ಕೆ ಮಾತ್ರ ಹಣ, ಉಳಿಸಿದ್ದಕ್ಕೆ ಇಲ್ಲ ಅನ್ನುವ ಪದ್ಧತಿ ಇಲ್ಲಿ ನಡೆಯುವುದಿಲ್ಲ.

ಇಂಜಿನಿಯರುಗಳು ಇದನ್ನು ನೋಡಿ ದೂರ ಸರಿಯಬಾರದು ಅಂತ ಇನ್ನೊಂದು ವಿಷಯ ಹೇಳಬೇಕು. ಮೇಲೆ ಹೇಳಿದ ಲುಡ್ವಿಗ್ ಸ್ವತಃ ವಾಸ್ತುಶಿಲ್ಪಿ. ಜರ್ಮನಿಯ ನಾಗೋಲ್ಡ್ ಪಟ್ಟಣದಲ್ಲಿ 2012ರಲ್ಲಿ ಅವರ ತಂಡ ಉಕ್ಕಿನ ಚೌಕಟ್ಟಿನ ಸುತ್ತ ಪ್ಲೇನ್ ಅನ್ನುವ ಜಾತಿಯ ಎಳೆ ಮರಗಳನ್ನು ಅಂತಸ್ತು ಅಂತಸ್ತಾಗಿ ಇಟ್ಟು, ಒಂದಕ್ಕೊಂದು ಬೆಸೆದು ಘನಾಕಾರದ ಕಟ್ಟಡ ಶುರು ಮಾಡಿತು. ಮರಗಳು ಕೂಡಿ ಭಾರ ಹೊರುವಷ್ಟು ಬಲಿತ ಮೇಲೆ ಉಕ್ಕನ್ನು ಬಿಚ್ಚುವುದು ಅವರ ಲೆಕ್ಕ. ಮೊದಲು ಉಕ್ಕು ಹೊರುತ್ತದೆ, ಆಮೇಲೆ ಮರ ಹೊರುತ್ತದೆ. ನಾವೂ ಹಾಗೇ ಯೋಚಿಸಬಹುದಲ್ಲ? ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು, ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದರು. ಕಡಿಮೆ ಖರ್ಚಿನಲ್ಲಿ, ಊರವರನ್ನೇ ಸೇರಿಸಿಕೊಂಡು ಸೇತುವೆ ಮಾಡಬಹುದು ಅಂತ ಈ ನಾಡಿಗೆ ತೋರಿಸಿದವರು ಅವರು. ಇಂದು ಒಂದು ಸಣ್ಣ ಉಕ್ಕಿನ ಕಾಲುಸೇತುವೆ ಕಟ್ಟಿ, ಅದರ ಎರಡೂ ತುದಿಗೆ ಆಲ ನೆಟ್ಟು, ಕಂಬಿಯ ಗುಂಟ ಬಿಳಲು ಹಾಯಿಸಿದರೆ, ಉಕ್ಕಿಗೆ ತುಕ್ಕು ಹಿಡಿಯುವ ಹೊತ್ತಿಗೆ ಬೇರು ತಯಾರಾಗಿರುತ್ತದೆ. ಮಕ್ಕಳು ಮೊದಲ ದಿನದಿಂದಲೇ ಸುರಕ್ಷಿತವಾಗಿ ದಾಟುತ್ತಾರೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿ ಇದೇ.

ಅರಣ್ಯ ಇಲಾಖೆಯವರೇ, ನಿಮ್ಮನ್ನು ಕೇಳುವುದು ಮೂರು ಮಾತು. ನಿಮ್ಮ ನರ್ಸರಿಗಳಲ್ಲಿ ಆಲ, ಗೋಳಿಯ ಎತ್ತರದ ಗಿಡಗಳನ್ನು ಈ ಕೆಲಸಕ್ಕೆ ಅಂತಲೇ ಬೆಳೆಸಿ ಕೊಡಿ. ಒಂದೇ ಹಳ್ಳದ ಎರಡು ಕಡೆ ಎರಡು ಜಾತಿ ಹಾಕಿಸಿ, ಯಾವುದು ಚೆನ್ನಾಗಿ ಹಾಯುತ್ತದೆ ಅಂತ ಬರೆದಿಡಿ. ಇನ್ನೊಂದು, ಕಾಡಿನ ಒಳಗಿರುವ ಮನೆಗಳಿಗೆ ಸಿಮೆಂಟು ಸೇತುವೆಗೆ ಅನುಮತಿ ಕೊಡುವುದು ನಿಮಗೆ ಕಷ್ಟ ಅಂತ ಗೊತ್ತು, ಆ ಜಾಗಗಳಲ್ಲಿ ಗಿಡ ನೆಟ್ಟು ಬಿಳಲು ಹಾಯಿಸುವ ಕೆಲಸಕ್ಕಾದರೂ ನೀವೇ ಮುಂದೆ ನಿಲ್ಲಿ. ಆಲದ ಹಣ್ಣಿಗೆ ಹಾರ್ನ್‌ಬಿಲ್, ಪಾರಿವಾಳ, ಮಂಗ, ಬಾವಲಿ ಎಲ್ಲ ಬರುತ್ತವೆ, ಹಾಗಾಗಿ ಈ ಸೇತುವೆಯಿಂದ ಕಾಡಿಗೂ ನಷ್ಟವಿಲ್ಲ. ಮೂರನೆಯದು, ರಸ್ತೆ ಬದಿಯ ಆಲದ ಬಿಳಲನ್ನು ಸಿಕ್ಕ ಸಿಕ್ಕ ಹಾಗೆ ಕಡಿಯುವುದನ್ನು ತಡೆಯಿರಿ. ವಾಹನಕ್ಕೆ ತಾಗುವುದನ್ನು ಬದಿಗೆ ಸರಿಸಿ ನೆಲ ಮುಟ್ಟಿಸಿದರೆ ಅದೇ ಆ ಮರಕ್ಕೆ ಊರುಗೋಲು. ಬಿಳಲೆಲ್ಲ ಕಡಿದು, ಬುಡಕ್ಕೆ ಕಾಂಕ್ರೀಟ್ ಸುರಿದು, ಆಮೇಲೆ ಗಾಳಿಮಳೆಗೆ ಮರ ಬಿತ್ತು ಅಂತ ಮರವನ್ನೇ ದೂರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಲಿಯಲು ನಾಚಿಕೆ ಬೇಡ. ಮೇಘಾಲಯದಲ್ಲಿ ಮಾರ್ನಿಂಗ್‌ಸ್ಟಾರ್ ಖೋಂಗ್‌ಥಾ ಅನ್ನುವ ಯುವಕ ಊರೂರು ತಿರುಗಿ ಹಳೆ ಬೇರು ಸೇತುವೆಗಳನ್ನು ದುರಸ್ತಿ ಮಾಡುವ, ಹೊಸದನ್ನು ಶುರು ಮಾಡುವ ಕೆಲಸಕ್ಕೆ ಲಿವಿಂಗ್ ಬ್ರಿಡ್ಜ್ ಫೌಂಡೇಶನ್ ಕಟ್ಟಿದ್ದಾರೆ. ಅಂಥವರನ್ನು ಒಂದು ಮಳೆಗಾಲ ಇಲ್ಲಿಗೆ ಕರೆಸಿ. ನಮ್ಮ ಕಡೆಯಿಂದ ಅಧಿಕಾರಿಗಳ ತಂಡದ ಬದಲು ನಾಲ್ಕು ಜನ ಕೊನೆಗೌಡರನ್ನು ಅಲ್ಲಿಗೆ ಕಳಿಸಿ. ಮರದಿಂದ ಮರಕ್ಕೆ ತೂಗಿ ಕೊನೆ ಕೊಯ್ಯುವವರಿಗೆ ಹಗ್ಗ, ಗಂಟು, ಎತ್ತರ ಯಾವುದೂ ಹೊಸದಲ್ಲ. ಬಿಳಲು ಹೇಗೆ ಕಟ್ಟಬೇಕು ಅನ್ನುವುದನ್ನು ಅವರು ಒಂದೇ ದಿನದಲ್ಲಿ ಕಲಿಯುತ್ತಾರೆ, ಬಂದು ಹತ್ತು ಊರಿಗೆ ಕಲಿಸುತ್ತಾರೆ.

ಮುಂದಿನ ಗ್ರಾಮಸಭೆಯಲ್ಲಿ ಇದಿಷ್ಟನ್ನೂ ಓದಬೇಕಿಲ್ಲ. ಒಂದು ಹಾಳೆ ತೆಗೆದುಕೊಳ್ಳಿ. ಹಳ್ಳದ ಹೆಸರು, ಸಂಕದ ಉದ್ದ, ದಡದಲ್ಲಿ ಈಗಿರುವ ಮರ, ಹತ್ತಿರದ ತೋಟ ಯಾರದು, ಇಷ್ಟು ಬರೆದು ಪಟ್ಟಿ ಮಾಡಿ. ಪಂಚಾಯಿತಿಗೆ ಎರಡೇ ಎರಡು ಜಾಗ ಆರಿಸಿದರೂ ಸಾಕು. ಏಪ್ರಿಲ್ ಒಳಗೆ ಪಟ್ಟಿ ವಲಯ ಅರಣ್ಯ ಕಚೇರಿಗೆ ಮುಟ್ಟಿದರೆ ಜೂನ್ ಮೊದಲ ಮಳೆಗೆ ಗಿಡ ಕೈಗೆ ಸಿಗುತ್ತದೆ.

ಇಂತಿ,
ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರ